ಅಟ್ಟವನ್ನು ಕೋಣೆ ಮಾಡೋಕೆ ಎಷ್ಟಾಗುತ್ತೆ?

ದಸರಾ ರಜೆಯಲ್ಲಿ ನಾವು ಮೂರು ಜನ, ತೀರ್ಥಹಳ್ಳಿ ಕಡೆಯ ನಮ್ಮ ಕ್ಲಾಸ್‌ಮೇಟ್ ಒಬ್ಬನ ಮನೆಗೆ ಹೋಗಿದ್ದೆವು. ನಿಜ ಹೇಳಬೇಕಂದ್ರೆ ಹೋಗಿದ್ದು ಕಡುಬು ತಿನ್ನೋಕೆ. ಎರಡನೇ ದಿನ ಬೆಳಿಗ್ಗೆ ಕಾಫಿ ಕೊಡುತ್ತಾ ಅವನ ಅಪ್ಪ ಕೇಳಿದರು: "ನೀವೆಲ್ಲ ಸಿವಿಲ್ ಅಲ್ಲನಾ? ಈ ಅಟ್ಟ ಒಂದು ಕೋಣೆ ಮಾಡಿದ್ರೆ ಎಷ್ಟಾಗ್ತದೆ, ಒಂದು ಲೆಕ್ಕ ಹಾಕಿ ಕೊಡಿ ಮಾರಾಯ್ರೆ."

ವಿಷಯ ಇಷ್ಟು. ನಮ್ಮ ಗೆಳೆಯನ ಅಣ್ಣನಿಗೆ ಬೇಸಿಗೆಯಲ್ಲಿ ಮದುವೆ. ಮನೆಯಲ್ಲಿ ಇರೋದು ಎರಡೇ ಮಲಗುವ ಕೋಣೆ, ಒಂದು ಅಜ್ಜಿಯದು. ಎಲೆಚುಕ್ಕಿ ರೋಗದಿಂದ ಅಡಿಕೆ ಫಸಲು ಕೈಕೊಟ್ಟು ಸೊಸೈಟಿಯಲ್ಲಿ ಉಳಿದಿರೋದು ಎರಡೂವರೆ ಲಕ್ಷ. ಪೇಟೆಯ ಕಂಟ್ರಾಕ್ಟರ್ ಒಬ್ಬರು ಬಂದು, ಕೆಳಗಿಂದಲೇ ತಲೆ ಎತ್ತಿ ನೋಡಿ, "24 ಇನ್ಟು 16, ಚದರಡಿಗೆ 550, ಎರಡು ಲಕ್ಷ ಹನ್ನೊಂದು ಸಾವಿರ" ಅಂತ ಹೇಳಿ ಹೋಗಿದ್ದರಂತೆ. ದುಡ್ಡಿಗೂ ದರಕ್ಕೂ ಹೊಂದಿಕೆಯಾಗುತ್ತೆ, ಹಾಗಾಗಿ ಮನೆಯವರ ಮನಸ್ಸೂ ಅತ್ತ ವಾಲಿತ್ತು.

ನಾಲ್ಕು ಸೆಮಿಸ್ಟರ್‌ನಲ್ಲಿ ನಾವು ಬಿಡಿಸಿದ ಬೀಮ್‌ಗಳೆಲ್ಲ ಪುಸ್ತಕದ ಬೀಮ್‌ಗಳು. ಅವಕ್ಕೆ ಗೆದ್ದಲು ಹಿಡಿಯಲ್ಲ. ಅವುಗಳ ಕೆಳಗೆ ಯಾರೂ ಮಲಗಲ್ಲ. ಟೇಪು, ಟಾರ್ಚು, ಒಂದು ನೋಟ್‌ಬುಕ್ ಹಿಡ್ಕೊಂಡು ಏಣಿ ಹತ್ತಿದೆವು. ಕೆಳಗಿಂದ ಅಜ್ಜಿ ಕೂಗಿದರು: "ಎಲ್ಲರೂ ಒಂದೇ ಕಡೆ ನಿಲ್ಬೇಡಿ ಮಕ್ಳೇ, ಗೋಡೆ ಹತ್ರ ನಿಲ್ಲಿ."

ಈ ಮಾತಿಗೆ ಆಮೇಲೆ ಬರುತ್ತೇವೆ.

ಮೊದಲು ಮನೆಯ ರೂಪ ಹೇಳಿಬಿಡೋಣ. ಹೆಂಚಿನ ಮನೆ. ಹೊರಗೋಡೆಯಿಂದ ನಡುಗೋಡೆಗೆ 12 ಅಡಿ, ಅಲ್ಲಿಂದ ಹಿಂದಿನ ಗೋಡೆಗೆ ಮತ್ತೆ 12 ಅಡಿ. ಹೀಗೆ ಎರಡು ಅಂಕಣ, ಉದ್ದ 16 ಅಡಿ. ಜಂತೆಗಳು 12 ಅಡಿಯ ಕಡೆಗೆ ಹಾಯ್ದಿವೆ, ಎರಡೆರಡು ಅಡಿಗೆ ಒಂದು, ಒಂದೊಂದೂ 3 ಇಂಚು ಅಗಲ, 6 ಇಂಚು ಎತ್ತರ. ಅದರ ಮೇಲೆ ಹಲಗೆ. ಮಾಡಿನ ಇಳಿಜಾರು 30 ಡಿಗ್ರಿ, ನೆತ್ತಿ ಸರಿಯಾಗಿ ನಡುಗೋಡೆಯ ಮೇಲೆ. ಹೊರಗೋಡೆಯ ಹತ್ತಿರ ಅಟ್ಟದ ಹಲಗೆಯಿಂದ ಪಕಾಸಿಗೆ ಬರೀ 2 ಅಡಿ.

ಇಷ್ಟು ಅಳತೆ ಸಿಕ್ಕಿದ ಮೇಲೆ ಪಿಯುಸಿಯ ತ್ರಿಕೋನಮಿತಿ ಸಾಕು. ನೆತ್ತಿಯ ಎತ್ತರ 2 ಅಡಿಗೆ 12 ಗುಣಿಸು 0.577 ಸೇರಿಸಿದರೆ 8 ಅಡಿ 11 ಇಂಚು. ಕೇಳೋಕೆ ಚೆನ್ನಾಗಿದೆ. ಆದರೆ ಅದು ಒಂದೇ ಒಂದು ಗೆರೆಯಲ್ಲಿ ಸಿಗುವ ಎತ್ತರ. ಸರಾಸರಿ ತೆಗೆದರೆ ಐದೂವರೆ ಅಡಿಗಿಂತ ಒಂದು ಕೂದಲೆಳೆ ಕಡಿಮೆ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಇಳಿಜಾರು ಮಾಡಿನ ಕೆಳಗಿನ ವಾಸದ ಕೋಣೆಗೆ ಕೇಳೋದು 2.75 ಮೀಟರ್ ಸರಾಸರಿ, ಅಂದರೆ 9 ಅಡಿ. ಈ ಅಟ್ಟದ ಅತಿ ಎತ್ತರದ ಜಾಗವೇ 9 ಅಡಿಗೆ ಒಂದು ಇಂಚು ಕಡಿಮೆ! ಸಂಹಿತೆಯ ಕಣ್ಣಲ್ಲಿ ಇದು ಸಾಮಾನು ಇಡುವ ಜಾಗ, ಕೋಣೆ ಅಲ್ಲ. ಹಳ್ಳಿಮನೆಗೆ ಸಂಹಿತೆ ಹಿಡ್ಕೊಂಡು ಯಾರು ಬರ್ತಾರೆ ಅಂತ ನೀವು ಕೇಳಬಹುದು. ಯಾರೂ ಬರಲ್ಲ, ಸರಿ. ಆದರೆ ತಲೆ ಪಕಾಸಿಗೆ ಬಡಿಯುವಾಗ ಸಂಹಿತೆ ಬಂದಿದೆಯೋ ಇಲ್ಲವೋ ಅಂತ ತಲೆ ಕೇಳಲ್ಲ.

ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಗೆರೆ ಎಳೆದೆವು. ಹೊರಗೋಡೆಯಿಂದ 5.2 ಅಡಿ ಒಳಗೆ ಬಂದರೆ 5 ಅಡಿ ಎತ್ತರ ಸಿಗುತ್ತೆ. 7.8 ಅಡಿ ಒಳಗೆ ಬಂದರೆ ಆರೂವರೆ ಅಡಿ, ಅಂದರೆ ಅಣ್ಣ ತಲೆ ಬಗ್ಗಿಸದೆ ನಿಲ್ಲಬಹುದಾದ ಎತ್ತರ. ಎರಡೂ ಕಡೆ ಲೆಕ್ಕ ಹಾಕಿದರೆ, ಒಟ್ಟು 384 ಚದರಡಿಯಲ್ಲಿ 5 ಅಡಿಗಿಂತ ಎತ್ತರ ಇರೋದು 218 ಚದರಡಿ. ಆರೂವರೆ ಅಡಿಗಿಂತ ಎತ್ತರ ಇರೋದು 134. ಕಂಟ್ರಾಕ್ಟರ್ ದರ ಹೇಳಿದ್ದು 384ಕ್ಕೆ.

ಇಷ್ಟಕ್ಕೇ ಮುಗಿಯಲಿಲ್ಲ. ಹೆಂಚಿನ ಕೆಳಗೆ ಸೀಲಿಂಗ್ ಹೊಡೆಯಬೇಕಲ್ಲ, ಅದು ಕಡಿಮೆ ಅಂದ್ರೂ 3 ಇಂಚು ತಿನ್ನುತ್ತೆ. ಇಳಿಜಾರು ಮಾಡಿನಲ್ಲಿ 3 ಇಂಚು ಎತ್ತರ ಹೋದರೆ ಒಂದೊಂದು ಕಡೆ ಐದು ಇಂಚಿನಷ್ಟು ಅಗಲ ಹೋಗುತ್ತೆ, ಒಟ್ಟು 14 ಚದರಡಿ. ಉಳಿದಿದ್ದು 120.

ಆಮೇಲೆ ಮೆಟ್ಟಿಲು. ಕಂಟ್ರಾಕ್ಟರ್ ಬಾಯಲ್ಲಿ ಮೆಟ್ಟಿಲಿನ ಮಾತೇ ಬಂದಿರಲಿಲ್ಲ. ಅಜ್ಜಿ ಕಾಲದ ಏಣಿ ಇದೆಯಲ್ಲ ಅಂತ ಇರಬೇಕು. ಮದುಮಗಳು ರಾತ್ರಿ ಎರಡು ಗಂಟೆಗೆ ಏಣಿ ಇಳಿದು ಬಚ್ಚಲಿಗೆ ಹೋಗೋದನ್ನ ನೆನೆಸಿಕೊಳ್ಳಿ. ಕೆಳಗಿನ ನೆಲದಿಂದ ಅಟ್ಟದ ಹಲಗೆಗೆ ಒಂಬತ್ತೂವರೆ ಅಡಿ. ಒಂದು ಮೆಟ್ಟಿಲಿನ ಎತ್ತರ 190 ಮಿಮೀ ಮೀರಬಾರದು, ಕಾಲಿಡುವ ಜಾಗ 250 ಮಿಮೀಗೆ ಕಮ್ಮಿ ಆಗಬಾರದು ಅನ್ನೋ ಲೆಕ್ಕದಲ್ಲಿ 16 ಏರು, 15 ಮೆಟ್ಟಿಲು ಬೇಕು. ನೇರ ಹತ್ತಿಸಿದರೆ 3.75 ಮೀಟರ್ ಉದ್ದ, ಅಂದರೆ 12 ಅಡಿಗಿಂತ ಜಾಸ್ತಿ. ಅಂಕಣವೇ 12 ಅಡಿ! ಹಾಗಾಗಿ ಮೆಟ್ಟಿಲನ್ನು ಮಧ್ಯೆ ತಿರುಗಿಸಲೇಬೇಕು. ಮೇಲೆ ಬಂದು ಸೇರುವ ಜಾಗದಲ್ಲಿ ತಲೆಗೆ ಎತ್ತರ ಬೇಕಾದ್ದರಿಂದ ಅದು ನೆತ್ತಿಯ ಕೆಳಗಿನ ಪಟ್ಟಿಗೇ ಬಂದು ಸೇರಬೇಕು. ಅಂದರೆ ನಮ್ಮ ಚಿನ್ನದಂಥ 120 ಚದರಡಿಯಿಂದಲೇ ಸುಮಾರು 30 ಹೋಯ್ತು. ಉಳಿದದ್ದು 90. ಸಂಹಿತೆ ಮನೆಯ ಒಂದು ಕೋಣೆಗಾದರೂ ಕೇಳೋದು 9.5 ಚದರ ಮೀಟರ್, 102 ಚದರಡಿ.

ಕೆಳಗೂ ನಷ್ಟ ಇದೆ. ಮೆಟ್ಟಿಲು ನಡುಮನೆಯ ಒಂದು ಮೂಲೆಯನ್ನ ಪೂರ್ತಿ ತಿಂದುಹಾಕುತ್ತೆ. ಅದನ್ನು ಯಾವ ಎಸ್ಟಿಮೇಟ್‌ನಲ್ಲೂ ಬರೆಯಲ್ಲ.

ಈಗ ಅಜ್ಜಿಯ ಮಾತಿಗೆ ಬರೋಣ. ಅಟ್ಟದ ಮೇಲೆ ಅಕ್ಕಿ ಮೂಟೆ, ಮೆಣಸಿನ ಚೀಲ, ಹಳೇ ತಾಮ್ರದ ಹಂಡೆ ಎಲ್ಲ ಇದ್ದವು. ಎಲ್ಲವೂ ಗೋಡೆಗೆ ಒತ್ತಿಕೊಂಡೇ. ನಡುವೆ ಒಂದು ಬುಟ್ಟಿಯೂ ಇಲ್ಲ. ಸಿಂಪ್ಲಿ ಸಪೋರ್ಟೆಡ್ ಬೀಮ್‌ಗೆ ಆಸರೆಯ ಹತ್ತಿರ ಭಾರ ಇಟ್ಟರೆ ಬೆಂಡಿಂಗ್ ಮೊಮೆಂಟ್ ಕಡಿಮೆ ಅನ್ನೋದನ್ನ ನಾವು ಮೂರನೇ ಸೆಮಿಸ್ಟರ್‌ನಲ್ಲಿ ಚಿತ್ರ ಬರೆದು ಕಲಿತೆವು. ಅಜ್ಜಿಗೆ ಅದು ಅತ್ತೆ ಹೇಳಿಕೊಟ್ಟದ್ದಂತೆ.

ಅಪ್ಪನ ವಾದ ಇದ್ದದ್ದೂ ಇಲ್ಲೇ. "ಇಷ್ಟು ವರ್ಷ ಮೂಟೆ ಹೊತ್ತ ಅಟ್ಟ, ಇಬ್ಬರು ಮನುಷ್ಯರನ್ನ ಹೊರಲ್ವಾ?" ಒಳ್ಳೇ ಪ್ರಶ್ನೆ. ಐಎಸ್ 875ರ ಎರಡನೇ ಭಾಗ ವಾಸದ ಕೋಣೆಗೆ ಹೇಳುವ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್. ಒಂದು ಅಂಕಣಕ್ಕೆ, ಅಂದರೆ 3.6 ಇನ್ಟು 4.8 ಮೀಟರಿಗೆ, ಇದು ಸುಮಾರು ಮೂರೂವರೆ ಟನ್. 50 ಕೆಜಿಯ 70 ಅಕ್ಕಿ ಮೂಟೆ. ಈ ಅಟ್ಟ ಯಾವತ್ತೂ ಒಂದು ಅಂಕಣದಲ್ಲಿ ಹತ್ತು ಹದಿನೈದು ಮೂಟೆಗಿಂತ ಹೆಚ್ಚು ಹೊತ್ತಿಲ್ಲ ಅಂತ ಅಜ್ಜಿಯೇ ಹೇಳಿದರು. ಅದೂ ಗೋಡೆ ಹತ್ತಿರ. 70 ಮೂಟೆ ಯಾರು ಇಡ್ತಾರೆ ಅಂದ್ರೆ, ಯಾರೂ ಇಡಲ್ಲ. ಆದರೆ ಮದುವೆ ಮರುದಿನ ಹೊಸ ಕೋಣೆ ನೋಡೋಕೆ ಮೂವತ್ತು ಜನ ನೆಂಟರು ಒಟ್ಟಿಗೆ ಹತ್ತುತ್ತಾರೆ, ಬೀರು ಬರುತ್ತೆ, ಮಂಚ ಬರುತ್ತೆ. ಮತ್ತೆ ಜನ ಗೋಡೆ ಹತ್ತಿರ ನಿಲ್ಲಲ್ಲ, ಎತ್ತರ ಇರೋ ಕಡೆ ನಿಲ್ತಾರೆ.

ಒಂದು ಜಂತೆಯ ಲೆಕ್ಕ ಮಾಡೋಣ, ಪೆನ್ನು ತಗೊಳ್ಳಿ. ಜನರ ಭಾರ 2, ಹಲಗೆ ಇತ್ಯಾದಿ 0.5, ಒಟ್ಟು 2.5. ಜಂತೆಗಳ ನಡುವೆ 0.6 ಮೀಟರ್ ಇರೋದರಿಂದ ಒಂದು ಜಂತೆಗೆ ಮೀಟರಿಗೆ 1.5 ಕಿಲೋನ್ಯೂಟನ್. ಹಾಯ 3.6 ಮೀಟರ್. ಭಾರ ಗುಣಿಸು ಹಾಯದ ವರ್ಗ ಭಾಗಿಸು 8, ಮೊಮೆಂಟ್ 2.43 ಕಿಲೋನ್ಯೂಟನ್ ಮೀಟರ್. 75 ಇನ್ಟು 150 ಮಿಮೀ ಮರದ ಸೆಕ್ಷನ್ ಮಾಡ್ಯುಲಸ್ 2,81,250 ಘನ ಮಿಮೀ. ಒತ್ತಡ 8.6 ನ್ಯೂಟನ್ ಪ್ರತಿ ಚದರ ಮಿಮೀ. ಐಎಸ್ 883ರಲ್ಲಿ ಬಿ ಗುಂಪಿನ ಮರಕ್ಕೆ 12ರ ತನಕ ಬಿಡುತ್ತಾರೆ. ಪಾಸ್! ನಾವು ಮೂವರೂ ಅಟ್ಟದ ಮೇಲೇ ಕೈ ಕೈ ತಟ್ಟಿಕೊಂಡೆವು.

ಡಿಫ್ಲೆಕ್ಷನ್ ನೋಡಿದಾಗ ಮುಖ ಸಣ್ಣದಾಯ್ತು. ಮರದ ಸ್ಥಿತಿಸ್ಥಾಪಕತೆ 10,000 ಅಂತ ಹಿಡಿದರೆ ಬಾಗು 15.6 ಮಿಮೀ. ಹಾಯವನ್ನು 240ರಿಂದ ಭಾಗಿಸಿದರೆ ಬರುವ ಮಿತಿ 15. ಮುರಿಯಲ್ಲ, ಆದರೆ ನಡೆದರೆ ತೂಗುತ್ತೆ, ಕಿರ್ ಅನ್ನುತ್ತೆ, ಕೆಳಗಿನ ಮುಚ್ಚಿಗೆಯ ಸಂದಿಯಿಂದ ಧೂಳು ಅಜ್ಜಿಯ ತಟ್ಟೆಗೆ ಬೀಳುತ್ತೆ. ಅರ್ಧ ಮಿಮೀ ತಾನೆ, ಬಿಡು ಅಂತ ನಮ್ಮಲ್ಲೊಬ್ಬ ಅಂದ.

ಅಷ್ಟರಲ್ಲಿ ಊರಿನ ಆಚಾರ್ರು ಬಂದರು. ಅವರು ಲೆಕ್ಕ ನೋಡಲಿಲ್ಲ. ಉಳಿಯ ಹಿಡಿಯಿಂದ ಒಂದೊಂದೇ ಜಂತೆ ತಟ್ಟುತ್ತಾ ಹೋದರು. ಹದಿನಾಲ್ಕರಲ್ಲಿ ಹತ್ತು ಠಣ್ ಅಂದವು. ನಾಲ್ಕು ಡಬ್ ಅಂದವು. ಡಬ್ ಅಂದ ಕಡೆ ಉಳಿ ಒತ್ತಿದರೆ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಗೆದ್ದಲು. "ಮೊದಲು ಒಲೆ ಹೊಗೆ ಮೇಲೆ ಬರ್ತಿತ್ತು, ಮರ ಒಣಗಿ ಇರ್ತಿತ್ತು. ಗ್ಯಾಸ್ ಬಂದ ಮೇಲೆ ಹೊಗೆ ಇಲ್ಲ, ಹುಳಕ್ಕೆ ಹಬ್ಬ" ಅಂದರು.

ಅಗಲದಲ್ಲಿ 15 ಮಿಮೀ, ಎತ್ತರದಲ್ಲಿ 15 ಮಿಮೀ ಹೋಗಿದೆ ಅಂತ ಹಿಡಿದು ಮತ್ತೆ ಲೆಕ್ಕ ಹಾಕಿದೆವು. 60 ಇನ್ಟು 135. ಒತ್ತಡ 8.6ರಿಂದ 13.3ಕ್ಕೆ ಜಿಗಿಯಿತು, ಮಿತಿ ದಾಟಿತು. ಬಾಗು 27 ಮಿಮೀ ಹತ್ತಿರ. ಸೆಕ್ಷನ್ ಮಾಡ್ಯುಲಸ್‌ನಲ್ಲಿ ಎತ್ತರದ ವರ್ಗ ಇದೆ, ಜಡತ್ವದ ಲೆಕ್ಕದಲ್ಲಿ ಘನ ಇದೆ ಅನ್ನೋದನ್ನ ಎಷ್ಟು ಸಲ ಬರೆದಿದ್ದೇವೋ. ಅದು ಹುಳ ತಿಂದ ಮರಕ್ಕೂ ಅನ್ವಯಿಸುತ್ತೆ ಅಂತ ಹೊಳೆದಿದ್ದು ಆವತ್ತೇ. ಒಳಗೆ ಎಷ್ಟು ತಿಂದಿದೆ ಅನ್ನೋದು ಹೊರಗಿಂದ ಕಾಣಲ್ಲ, ಮತ್ತೆ ನಾವು ಹಿಡಿದ 15 ಮಿಮೀಗೆ ಹುಳ ನಿಲ್ಲಲ್ಲ. ಆ ನಾಲ್ಕನ್ನು ಬದಲಿಸಲೇಬೇಕು.

ತೂಗಾಟಕ್ಕೆ ಪರಿಹಾರ ಏನು? ಜಂತೆಗಳ ನಟ್ಟನಡುವೆ ಅಡ್ಡಲಾಗಿ ಒಂದು ಉಕ್ಕಿನ ತೊಲೆ. ಹಾಯ ಅರ್ಧ ಆದರೆ ಮೊಮೆಂಟ್ ಕಾಲು ಭಾಗ, ಬಾಗು ಹದಿನಾರನೇ ಒಂದು ಭಾಗ. ಹಾಯದ ನಾಲ್ಕನೇ ಘಾತ ಮಾಡುವ ಕೆಲಸ. ಆದರೆ ಈಗ ಜಂತೆಗಳ ಭಾರದ ದೊಡ್ಡ ಪಾಲು ಆ ತೊಲೆಯ ಮೇಲೆ. 4.8 ಮೀಟರ್ ಹಾಯಕ್ಕೆ ಐಎಸ್‌ಎಂಬಿ 150 ಹಾಕಿ ನೋಡಿದೆವು, ಅದೇ 27 ಮಿಮೀ ಬಾಗಿತು. ಐಎಸ್‌ಎಂಬಿ 200ಕ್ಕೆ ಹೋದರೆ 9 ಮಿಮೀ ಒಳಗೆ, ಸಾಕು. ಎರಡು ಅಂಕಣಕ್ಕೆ ಎರಡು ತೊಲೆ, ಒಂದೊಂದು 132 ಕೆಜಿ. ಕೆಳಗಿನ ನಡುಮನೆಯಲ್ಲಿ 8 ಇಂಚು ಎತ್ತರ ಹೋಯ್ತು ಅನ್ನೋದೂ ಲೆಕ್ಕಕ್ಕಿರಲಿ.

ಗೋಡೆಯ ವಿಚಾರದಲ್ಲಿ ನಾವು ಹೆದರಿದಷ್ಟು ಇರಲಿಲ್ಲ. ಹದಿನೈದು ಇಂಚು ದಪ್ಪದ ಜಂಬಿಟ್ಟಿಗೆ ಗೋಡೆಯ ಮೇಲೆ ಅಟ್ಟದ ಭಾರ ಸಮನಾಗಿ ಹಂಚಿ ಬಿದ್ದರೆ ಒತ್ತಡ 0.024 ನ್ಯೂಟನ್ ಪ್ರತಿ ಚದರ ಮಿಮೀ, ಏನೇನೂ ಅಲ್ಲ. ತೊಂದರೆ ಇರೋದು ಉಕ್ಕಿನ ತೊಲೆಯ ತುದಿ ಕೂರುವ ಅಂಗೈಯಷ್ಟು ಜಾಗದಲ್ಲಿ. ಅಲ್ಲಿ 0.67. ಸುಮಾರು 28 ಪಟ್ಟು. ಮಣ್ಣಿನ ಗಾರೆಯ ಹಳೇ ಗೋಡೆ, ಹಾಗೇ ಕೂರಿಸಿದರೆ ಕಲ್ಲು ಜಗ್ಗುತ್ತೆ. ಕೆಳಗೆ ಕಾಂಕ್ರೀಟಿನ ದಿಂಬು ಹಾಕಿ ಭಾರ ಹರಡಬೇಕು.

ಇನ್ನೊಂದು ಎಚ್ಚರಿಕೆ. ಮೆಟ್ಟಿಲಿಗೆ ಅಂತ ಜಂತೆ ಕತ್ತರಿಸುವಾಗ ಅದು ಬರೀ ಹಲಗೆ ಹೊರುವ ಮರ ಅಂತ ತಿಳ್ಕೋಬೇಡಿ. ಎದುರುಬದುರು ಗೋಡೆಗಳನ್ನು ಅದು ಹಿಡಿದು ಕಟ್ಟಿರುತ್ತೆ. ಮಾಡು ಗೋಡೆಯನ್ನು ಹೊರಕ್ಕೆ ತಳ್ಳುತ್ತಿದ್ದರೆ ತಡೆಯುವುದು ಅದೇ. ಕತ್ತರಿಸಿದ ತುದಿಗಳನ್ನು ಪಕ್ಕದ ಜೋಡಿ ಜಂತೆಗಳಿಗೆ ಅಡ್ಡಮರ ಕೊಟ್ಟು ಕಟ್ಟದೆ ಮೆಟ್ಟಿಲು ಹಾಕಲೇಬಾರದು.

ಹೆಂಚಿನ ಬಗ್ಗೆಯೂ ಒಂದು ಮಾತು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಹಬ್ಬಿದ ಈ ಹೆಂಚು ರೀಪಿನ ಸಮೇತ ಚದರ ಮೀಟರಿಗೆ ಸುಮಾರು 65 ಕೆಜಿ. ಐದು ಇಂಚಿನ ಕಾಂಕ್ರೀಟ್ ತಾರಸಿ ಅದರ ಐದು ಪಟ್ಟು ಹತ್ತಿರ ತೂಗುತ್ತೆ. ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತೆ, ಮಧ್ಯಾಹ್ನದ ಬಿಸಿಯನ್ನ ಅಟ್ಟ ತಡೆದು ಕೆಳಗಿನವರನ್ನ ತಂಪಾಗಿ ಇಡುತ್ತೆ. ಅಟ್ಟವೇ ಕೋಣೆಯಾದರೆ ಆ ಬಿಸಿಯಲ್ಲಿ ಮಲಗೋದು ಹೊಸ ದಂಪತಿ. ಸೀಲಿಂಗ್ ಒಳಗೆ ಶಾಖ ತಡೆಯುವ ಪದರ ಬೇಕು, ಹೆಂಚಿಗೂ ಅದಕ್ಕೂ ನಡುವೆ ಗಾಳಿ ಆಡೋಕೆ ಸಂದಿ ಬೇಕು. ಮಳೆಗಾಲಕ್ಕೆ ಮೊದಲು ಮಾಡು ಹತ್ತಿ ಒಡೆದ ಹೆಂಚು ಬದಲಿಸುತ್ತಾರಲ್ಲ, ಯಾವುದು ಸೋರುತ್ತಿದೆ ಅಂತ ಈಗ ಅಟ್ಟದಲ್ಲಿ ನಿಂತರೆ ಬೆಳಕಿನ ತೂತಿನಲ್ಲೇ ಗೊತ್ತಾಗುತ್ತೆ. ಸೀಲಿಂಗ್ ಹೊಡೆದ ಮೇಲೆ ಕಾಣಲ್ಲ. ರೀಪು ಕೊಳೆತ ಮೇಲೇ ಕಾಣೋದು.

ಈಗ ದುಡ್ಡು. ಕೆಳಗಿನ ದರಗಳು ನಾವು ಆಚಾರ್ರನ್ನೂ ಪೇಟೆಯ ಅಂಗಡಿಗಳನ್ನೂ ಕೇಳಿ ಹಿಡಿದವು. ನಿಮ್ಮೂರಲ್ಲಿ ಬೇರೆ ಇರುತ್ತೆ. ಪ್ರಮಾಣ ನೋಡಿ, ದರ ನಿಮ್ಮದು ಹಾಕ್ಕೊಳ್ಳಿ. ಉಕ್ಕು 264 ಕೆಜಿ, ಕೆಜಿಗೆ 110ರಂತೆ 29,040. ಅದನ್ನು ಏರಿಸಿ ಕೂರಿಸೋದು, ಕಾಂಕ್ರೀಟ್ ದಿಂಬು ಸೇರಿ 12,000. ನಾಲ್ಕು ಹೊಸ ಜಂತೆಗೆ ಆರೂಕಾಲು ಘನ ಅಡಿ ಮರ, 2,500ರಂತೆ 15,625. ಓಡಾಡುವ 218 ಚದರಡಿಗೆ ದಪ್ಪ ಪ್ಲೈವುಡ್ 26,160. ಮೆಟ್ಟಿಲು 70,000. ಶಾಖ ತಡೆಯುವ ಪದರ ಸೇರಿ ಸೀಲಿಂಗ್ 252 ಚದರಡಿ, 180ರಂತೆ 45,360. 252 ಯಾಕೆ, 218 ಅಲ್ವಾ ಅಂದರೆ, ಅದು ಇಳಿಜಾರಿನ ಅಳತೆ. ಇಲ್ಲೂ ಎಸ್ಟಿಮೇಟ್‌ಗಳು ಎಡವುತ್ತವೆ. ಎರಡು ಬದಿಯ ಗಿಡ್ಡ ಗೋಡೆಗೆ 19,200. ಎರಡೂ ತುದಿಯ ತ್ರಿಕೋನ ಗೋಡೆ ಒಡೆದು ಕಿಟಕಿ, 30,000. ವೈರಿಂಗ್ 18,000, ಗೆದ್ದಲಿನ ಔಷಧಿ 12,000, ಹೆಂಚು ಇಳಿಸಿ ಮತ್ತೆ ಹೊದಿಸೋಕೆ 35,000. ಕೂಡಿದರೆ 3,12,385. ಹಳೇ ಮನೆ, ಬಿಚ್ಚಿದ ಮೇಲೆ ಏನು ಕಾಣುತ್ತೋ ಅಂತ ಶೇಕಡ 10 ಸೇರಿಸಿದೆವು. ಹತ್ತಿರ ಹತ್ತಿರ 3 ಲಕ್ಷ 44 ಸಾವಿರ.

ಇದನ್ನ 384ರಿಂದ ಭಾಗಿಸಿದರೆ ಚದರಡಿಗೆ 895 ರೂಪಾಯಿ, ಬಹಳ ಅಗ್ಗ ಅನ್ನಿಸುತ್ತೆ. ನೆಟ್ಟಗೆ ನಿಲ್ಲಬಹುದಾದ 90ರಿಂದ ಭಾಗಿಸಿದರೆ 3,800 ದಾಟುತ್ತೆ. ಇದು ಸ್ವಲ್ಪ ಕಠಿಣ ಲೆಕ್ಕ, ಒಪ್ಪುತ್ತೇವೆ. ಮಂಚದ ತಲೆದೆಸೆಗೆ, ಓದುವ ಮೇಜಿಗೆ ಆರೂವರೆ ಅಡಿ ಬೇಕಿಲ್ಲ. 5 ಅಡಿಯ ಗೆರೆಯನ್ನೇ ಹಿಡಿದರೆ, ಸೀಲಿಂಗು ಮೆಟ್ಟಿಲು ಕಳೆದು 174 ಚದರಡಿ ಸಿಗುತ್ತೆ, ಆಗ 1,975. ಹೋದ ವರ್ಷ ಅದೇ ಊರಲ್ಲಿ ಕೋಣೆ ಕಟ್ಟಿಸಿದವರು ಹೇಳಿದ ದರ ಚದರಡಿಗೆ 1,900. ಆ ದರದಲ್ಲಿ ಮನೆಯ ಪಕ್ಕದಲ್ಲಿ 10 ಇನ್ಟು 12ರ ಹೊಸ ಕೋಣೆ 2 ಲಕ್ಷ 28 ಸಾವಿರಕ್ಕೆ ಆಗುತ್ತೆ. ಗೋಡೆಯಿಂದ ಗೋಡೆಗೆ ನಿಲ್ಲಬಹುದು, ಮೆಟ್ಟಿಲು ಬೇಡ.

ಹಾಗಾದ್ರೆ ಯೂಟ್ಯೂಬ್‌ನಲ್ಲಿ ಇಂಗ್ಲೆಂಡಿನವರು ಸಾಲು ಸಾಲಾಗಿ ಅಟ್ಟವನ್ನ ಬೆಡ್‌ರೂಮ್ ಮಾಡ್ತಾರಲ್ಲ, ಅವರಿಗೆ ಲೆಕ್ಕ ಬರಲ್ವಾ ಅಂತ ನಮ್ಮ ಗೆಳೆಯ ಕೇಳಿದ. ಬರುತ್ತೆ. ಅಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು, ಪಕ್ಕದಲ್ಲಿ ಕಟ್ಟೋಕೆ ಜಾಗವೇ ಇಲ್ಲ, ನೆಲದ ಬೆಲೆ ಮುಗಿಲಲ್ಲಿ. ಅಂಥ ಸಾಲುಮನೆಯ ಮಾಡನ್ನು 40 ಘನ ಮೀಟರ್‌ವರೆಗೆ ಹಿಗ್ಗಿಸೋಕೆ ಸಾಮಾನ್ಯವಾಗಿ ಪ್ರತ್ಯೇಕ ಯೋಜನಾ ಅನುಮತಿ ಬೇಡ ಅನ್ನೋ ನಿಯಮವೂ ಇದೆ. ಕಟ್ಟಡದ ಸುರಕ್ಷತೆಯ ನಿಯಮಗಳು ಮಾತ್ರ ಬಿಡಲ್ಲ. ಅಲ್ಲೂ 1960ರ ದಶಕದ ಈಚೆಗೆ ಬಂದ, ಕಡ್ಡಿ ಕಡ್ಡಿ ಜೋಡಿಸಿದ ಟ್ರಸ್ ಮಾಡಿನ ಮನೆಗಳಲ್ಲಿ ಈ ಕೆಲಸ ದುಬಾರಿ, ಯಾಕಂದ್ರೆ ಜಾಗ ಬೇಕಾದಲ್ಲೆಲ್ಲ ಕಡ್ಡಿ ಅಡ್ಡ ಇರುತ್ತೆ, ಕತ್ತರಿಸುವ ಹಾಗಿಲ್ಲ. ಶಿವಮೊಗ್ಗದ ಪೇಟೆಯಲ್ಲಿ ಮೂವತ್ತು ಅಡಿ ಸೈಟಿನಲ್ಲಿ ಇದೇ ಅಟ್ಟ ಇದ್ದಿದ್ದರೆ ನಾವೂ ಬೇರೆ ಮಾತು ಹೇಳುತ್ತಿದ್ದೆವೇನೋ.

ರಾತ್ರಿ ಊಟ ಆದ ಮೇಲೆ ನೋಟ್‌ಬುಕ್ ಬಿಚ್ಚಿ ಅಪ್ಪನಿಗೆ ಎಲ್ಲ ವಿವರಿಸಿದೆವು. ಸುಮಾರು ಹೊತ್ತು ಮಾತಾಡಲಿಲ್ಲ. ಎರಡೂವರೆ ಲಕ್ಷದಲ್ಲಿ ಮದುವೆಯ ಸಾಮಾನೂ ಬರಬೇಕು ಅನ್ನೋದು ನಮಗೆ ಆಗಷ್ಟೇ ಗೊತ್ತಾಗಿದ್ದು. ಹಾಗೆ ನೋಡಿದರೆ ಪಕ್ಕದ ಕೋಣೆಯೂ ಕಷ್ಟವೇ. ಅಣ್ಣ ಮಾತ್ರ, "ಹಳೇ ಕೊಟ್ಟಿಗೆ ಖಾಲಿ ಬಿದ್ದಿದೆಯಲ್ಲ ಅಪ್ಪಯ್ಯ, ಮೂರು ಕಡೆ ಗೋಡೆ ಇದೆ" ಅಂದ. ಮರುದಿನ ಹೊರಡುವ ಮೊದಲು ಅದನ್ನೂ ಅಳೆದೆವು. 11 ಇನ್ಟು 14, ಗೋಡೆ ಗಟ್ಟಿ, ನೆಲ ಮಾತ್ರ ಎತ್ತರಿಸಬೇಕು.

ಅಜ್ಜಿ ಕೇಳಿದ್ದು ಒಂದೇ: "ಹಾಗಾದ್ರೆ ಮೂಟೆ ಇಡಬಹುದಾ ಇಲ್ವಾ?" ಡಬ್ ಅಂದ ನಾಲ್ಕು ಜಂತೆಗೆ ಸೀಮೆಸುಣ್ಣದ ಗುರುತು ಹಾಕಿ, ಅವುಗಳ ಮೇಲೆ ಬದಲಿಸುವ ತನಕ ಏನೂ ಇಡಬೇಡಿ ಅಂದೆವು. ನವೆಂಬರ್‌ನಲ್ಲಿ ಆಚಾರ್ರು ಬದಲಿಸಿದರಂತೆ. ಮರ, ಕೂಲಿ ಎಲ್ಲ ಸೇರಿ 24,000 ಆಯ್ತು ಅಂತ ಗೆಳೆಯ ಹೇಳಿದ. ನಮ್ಮ ಎಸ್ಟಿಮೇಟ್‌ನಲ್ಲಿ ಅದಕ್ಕೆ ಬರೆದಿದ್ದು 15,625. ಕೂಲಿ ಸೇರಿಸೋದನ್ನೇ ಮರೆತಿದ್ದೆವು.